ಗೋಡೆ ಚಿತ್ರದಲ್ಲಿ ವೀಲ್‌ಚೇರ್ ಮಕ್ಕಳು: ಅನುಭವ ಇದ್ದವರು ಹೇಳಿ

ನಮ್ಮ ಬಡಾವಣೆಯ ಪಾರ್ಕಿನ ಗೋಡೆಗೆ ದೊಡ್ಡ ಚಿತ್ರ ಬರೆಸಬೇಕು ಅಂತಿದ್ದೇವೆ. ವೀಲ್‌ಚೇರ್‌ನಲ್ಲಿ ಓಡಾಡುವ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಚಿತ್ರ ನೋಡಿದರೆ ಈ ಜಾಗ ತಮ್ಮದೂ ಹೌದು ಅಂತ ಅವರಿಗೆ ಅನ್ನಿಸಬೇಕು. ಇಂಥ ಕೆಲಸ ಮಾಡಿದವರು, ಇಂಥ ಮಕ್ಕಳ ಮನೆಯವರು ಸಲಹೆ ಕೊಡ್ತೀರಾ?

ಗೋಡೆ ಚಿತ್ರ ಬರೆಯುವವನು
ಮೊದಲು ನೆಲ ನೋಡಿ ಸರ್. ಗೋಡೆ ಮುಂದೆ ಜಲ್ಲಿ, ಮರಳು ಇದ್ದರೆ ಚಕ್ರ ಹೂತುಕೊಳ್ಳುತ್ತದೆ. ಗಾಲಿಕುರ್ಚಿ ತಿರುಗಿಸೋಕೆ ಒಂದೂವರೆ ಮೀಟರ್ ಗಟ್ಟಿ ಜಾಗ ಬೇಕು. ಮೆಟ್ಟಿಲಿದ್ದರೆ ರ‍್ಯಾಂಪ್ ಹಾಕಿಸಿ. ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಅಂದರೆ 30 ಸೆಂ.ಮೀ. ಎತ್ತರಕ್ಕೆ 3.6 ಮೀಟರ್ ಉದ್ದ. ಬಣ್ಣ ಕೊಳ್ಳುವ ಮೊದಲೇ ಇದಕ್ಕೆ ದುಡ್ಡು ಎತ್ತಿಡಿ.

ಚಿತ್ರ ಬರೆಯೋಕೂ ಆ ಮಕ್ಕಳನ್ನೇ ಕರೀರಿ. ಕುರ್ಚಿಯನ್ನು ಗೋಡೆಗೆ ನೇರವಾಗಿ ಒಡ್ಡಿದರೆ ಮೊದಲು ಕಾಲಿಡುವ ಹಲಗೆ ತಾಗುತ್ತದೆ, ಕೈ ಮಾತ್ರ ಗೋಡೆಗೆ ಎಟುಕುವುದೇ ಇಲ್ಲ. ಅಡ್ಡಡ್ಡ ನಿಲ್ಲಿಸಿ, ಬ್ರೇಕ್ ಹಾಕಿಸಿ. ಬರೆಯುವ ಕೈ ಗೋಡೆ ಕಡೆ ಇರಲಿ. ಉದ್ದ ಕೋಲಿನ ರೋಲರ್ ಇದ್ದರೆ ಮೇಲಿನ ಆಕಾಶಕ್ಕೂ ಅವರೇ ಬಣ್ಣ ಬಳಿಯುತ್ತಾರೆ. ಕೆಳಗಿನ ಪಟ್ಟಿ ಮಾತ್ರ ಬಿಟ್ಟುಕೊಟ್ಟು ಸುಮ್ಮನಾಗಬೇಡಿ. ಬಣ್ಣದ ಡಬ್ಬಿ ತೊಡೆ ಮೇಲೆ ನಿಲ್ಲಲ್ಲ, ಪಕ್ಕದಲ್ಲಿ ಒಂದು ಸ್ಟೂಲ್ ಇಡಿ. ಚಕ್ರಕ್ಕೆ ಬಣ್ಣ ಬಿದ್ದರೆ ಒಣಗೋ ಮೊದಲೇ ಒರೆಸಿ. ಅದೂ ಮಗುವನ್ನು ಕೇಳಿಯೇ.

ಒಬ್ಬ ತಾಯಿ
ಮೇಲಿನವರ ಮಾತು ಪೂರ್ತಿ ನಿಜ. ನನ್ನದು ಇನ್ನೊಂದು ವಿಷಯ. ಚಿತ್ರಗಳಲ್ಲಿ ಹೆಚ್ಚಾಗಿ ಆಸ್ಪತ್ರೆ ಕುರ್ಚಿಯನ್ನೇ ಬರೆಯುತ್ತಾರೆ. ನನ್ನ ಮಗಳದ್ದು ಹಾಗಿಲ್ಲ. ಬೆನ್ನು ಗಿಡ್ಡ, ಚಕ್ರ ಕೊಂಚ ವಾರೆ, ಹಿಂದೆ ತಳ್ಳೋ ಹಿಡಿಕೆ ಇಲ್ಲ. ಆಸ್ಪತ್ರೆ ಕುರ್ಚಿ ಬರೆದ ಒಂದು ಚಿತ್ರ ನೋಡಿ ಅವಳು ಕೇಳಿದ್ದು ಒಂದೇ: "ಅಮ್ಮಾ, ಈ ಹುಡುಗಿ ಕೈ ಯಾಕೆ ಮಡಿಲಲ್ಲಿದೆ? ಚಕ್ರ ಯಾರು ತಿರುಗಿಸ್ತಾರೆ?" ದಯವಿಟ್ಟು ಕೈಯನ್ನು ಚಕ್ರದ ಮೇಲೆ ಬರೆಸಿ. ಆಟದ ನಡುವೆ ಬರೆಸಿ, ಮೂಲೆಯಲ್ಲಿ ಬೇಡ.

ಕಲಾ ಶಿಕ್ಷಕಿ
ಆ ಮಗುವಿನ ಪ್ರಶ್ನೆಯಲ್ಲೇ ಎಲ್ಲ ಇದೆ ಅಲ್ವಾ! ನಾವೆಲ್ಲ ನೋಡುವ ವೀಲ್‌ಚೇರ್ ಗುರುತನ್ನು 1968ರಲ್ಲಿ ಬರೆದವರು ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ ಕೋಫೋಡ್. ಅದಕ್ಕೆ ತಲೆಯೇ ಇರಲಿಲ್ಲ, ಆಮೇಲೆ ಸೇರಿಸಿದರು. ಮುಂದೆ ಅಮೆರಿಕದ ಸಾರಾ ಹೆಂಡ್ರೆನ್ ಮತ್ತು ಬ್ರಯಾನ್ ಗ್ಲೆನಿ ಬಾಸ್ಟನ್ ಸುತ್ತಮುತ್ತ ಹಳೆ ಗುರುತಿನ ಮೇಲೆ ಹೊಸ ಸ್ಟಿಕರ್ ಅಂಟಿಸುತ್ತಾ ಹೋದರು. ಅದರಲ್ಲಿ ಮನುಷ್ಯ ಮುಂದಕ್ಕೆ ಬಾಗಿ, ತಾನೇ ಚಕ್ರ ತಳ್ಳಿಕೊಂಡು ಹೋಗುತ್ತಾನೆ. ನಿಮ್ಮ ಕಲಾವಿದರಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ಕಾಲೇಜು ಹುಡುಗ, ವೀಲ್‌ಚೇರ್ ಬಳಸುವವನು
ಬ್ರಿಟನ್ನಿನ ಕಲಾವಿದೆ ಸೂ ಆಸ್ಟಿನ್ 2012ರಲ್ಲಿ ವೀಲ್‌ಚೇರ್‌ನಲ್ಲಿ ಕೂತು ನೀರಿನೊಳಗೇ ಈಜಿ ತೋರಿಸಿದರು. ಆ ವಿಡಿಯೊ ಮಕ್ಕಳಿಗೆ ತೋರಿಸಿ, ಆಮೇಲೆ ಏನು ಬರೀಬೇಕು ಅಂತ ಅವರನ್ನೇ ಕೇಳಿ. ಉದ್ಘಾಟನೆಯ ಫೋಟೊಗೆ ಮಾತ್ರ ನಮ್ಮನ್ನು ಕರೀಬೇಡಿ. ಮೊದಲನೇ ಸಭೆಗೇ ಕರೀರಿ, ಮತ್ತೆ ಆ ಸಭೆ ಮಹಡಿ ಮೇಲೆ ಬೇಡ.