ಕಜಾನ್ ಯೂನಿವರ್ಸಿಟಿಗೆ ಮಗಳನ್ನು ಕಳಿಸಬಹುದಾ?

ಮೂಡಿಗೆರೆ ತೋಟದವನು:
ಮಗಳು ನೀಟ್ ಪಾಸಾಗಿದ್ದಾಳೆ. ಸರ್ಕಾರಿ ಸೀಟು ಸಿಗುವಷ್ಟು ಅಂಕ ಇಲ್ಲ. ಚಿಕ್ಕಮಗಳೂರಿನ ಏಜೆಂಟ್ ಒಬ್ಬರು ರಷ್ಯಾದ ಕಜಾನ್ ಅಂತಾರೆ. 'ಲೆನಿನ್ ಓದಿದ ಕಾಲೇಜು ಸಾರ್' ಅಂತ ಬೇರೆ! ಅಷ್ಟು ಹೆಸರಿದೆಯಾ?

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:
ಹೆಸರಿದೆ ಸಾರ್, ಆದ್ರೆ ಲೆನಿನ್‌ನಿಂದ ಅಲ್ಲ. ಅವರು 1887ರಲ್ಲಿ ಸೇರಿದರು, ವಿದ್ಯಾರ್ಥಿಗಳ ಪ್ರತಿಭಟನೆಗೆ ಹೋಗಿ ಅದೇ ವರ್ಷ ಹೊರಬಿದ್ದರು. ಸಾಹಿತಿ ಟಾಲ್‌ಸ್ಟಾಯ್ ಕೂಡ ಇಲ್ಲಿ ಸೇರಿ ಡಿಗ್ರಿ ಮುಗಿಸಲಿಲ್ಲ. ಓದು ಮುಗಿಸದವರನ್ನೇ ತೋರಿಸಿ ಸೀಟು ಮಾರ್ತಾರೆ, ನೋಡಿ.

ವೋಲ್ಗಾ ದಡದ ಈ ಯೂನಿವರ್ಸಿಟಿ ಶುರುವಾಗಿದ್ದು 1804ರಲ್ಲಿ. ಯೂಕ್ಲಿಡ್‌ನ ಜ್ಯಾಮಿತಿಯನ್ನು ದಾಟಿ ಹೋದ ಗಣಿತಜ್ಞ ಲೊಬಚೆವ್‌ಸ್ಕಿ ಇಲ್ಲಿ 1827ರಿಂದ 1846ರವರೆಗೆ ರೆಕ್ಟರ್, ಅಂದ್ರೆ ಯೂನಿವರ್ಸಿಟಿಯ ಮುಖ್ಯಸ್ಥ. 1844ರಲ್ಲಿ ಕಾರ್ಲ್ ಕ್ಲಾಸ್ ಉರಲ್ ಪ್ಲಾಟಿನಂ ಅದಿರಿನ ಉಳಿಕೆಯಲ್ಲಿ ರುಥೇನಿಯಂ ಅನ್ನೋ ಲೋಹ ಕಂಡುಹಿಡಿದಿದ್ದು ಇಲ್ಲೇ. ಪಾಠ ಮಾಡುವಾಗ ನನಗೆ ಇದನ್ನು ಹೇಳೋದೇ ಒಂದು ಖುಷಿ.

ಮುಖ್ಯ ವಿಷಯ: ಕಜಾನ್‌ನಲ್ಲಿ ಎರಡು ಸಂಸ್ಥೆಗಳಿವೆ. ಹಳೆಯ ಮೆಡಿಕಲ್ ವಿಭಾಗ 1930ರಲ್ಲೇ ಬೇರೆಯಾಯಿತು, ಈಗ ಅದು ಕಜಾನ್ ಸ್ಟೇಟ್ ಮೆಡಿಕಲ್ ಯೂನಿವರ್ಸಿಟಿ. ಮೂಲ ಯೂನಿವರ್ಸಿಟಿ, ಅಂದ್ರೆ ಈಗಿನ ಕಜಾನ್ ಫೆಡರಲ್ ಯೂನಿವರ್ಸಿಟಿ, ಆಮೇಲೆ ಹೊಸದಾಗಿ ಮೆಡಿಕಲ್ ಶುರು ಮಾಡಿತು. ಏಜೆಂಟ್ ಹೇಳ್ತಿರೋದು ಯಾವುದು?

ಅರಸೀಕೆರೆ ಅಕ್ಕ:
ಹಳೇ ಕಥೆ ಬಿಡಿ ಮೇಷ್ಟ್ರೇ. ನಮ್ಮ ದೇಶದ ನಿಯಮಕ್ಕೆ ಬೇಕಾದ 54 ತಿಂಗಳ ಕೋರ್ಸು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಪಾಠ ಇಂಗ್ಲಿಷಿನಲ್ಲಿ: ಇಷ್ಟನ್ನೂ ಬರಹದಲ್ಲಿ ಕೇಳಿ. ವಾಪಸ್ ಬಂದ ಮೇಲೆ ವಿದೇಶದಲ್ಲಿ ಮೆಡಿಕಲ್ ಓದಿದವರು ಬರೆಯೋ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಬೇಕು. ವಾರ್ಡಿನಲ್ಲಿ ರೋಗಿಗಳು ಮಾತಾಡೋದು ರಷ್ಯನ್ ಅಲ್ವಾ, ಅದನ್ನೂ ಕಲೀಬೇಕು.

ಮೂಡಿಗೆರೆ ತೋಟದವನು:
ಏಜೆಂಟ್‌ಗೆ ಫೋನ್ ಮಾಡಿದೆ. 'ಎರಡೂ ಒಂದೇ ಸಾರ್' ಅಂದ!