ಬಿಟ್ಟ ಶಾಲೆಗೇ ಮತ್ತೆ ಅರ್ಜಿ ಹಾಕಲೇ?: ಓದುಗರ ಸ್ಪಂದನ

ಹಾಸನ ಜಿಲ್ಲೆಯ ವಿಜ್ಞಾನ ಶಿಕ್ಷಕಿಯೊಬ್ಬರ ಪತ್ರ ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಅನುದಾನರಹಿತ ಪ್ರೌಢಶಾಲೆಯೊಂದರಲ್ಲಿ ಎಂಟು ವರ್ಷ ಪಾಠ ಮಾಡಿದವರು ಅವರು. ಕೊರೋನಾ ಕಾಲದಲ್ಲಿ ಸಂಬಳ ಅರ್ಧಕ್ಕಿಳಿಯಿತು. ಕಾರ್ಯದರ್ಶಿಯವರೊಂದಿಗೆ ಮಾತಿಗೆ ಮಾತು ಬೆಳೆದು 2021ರಲ್ಲಿ ರಾಜೀನಾಮೆ ಕೊಟ್ಟರು. ಈಗ ಅದೇ ಶಾಲೆ ವಿಜ್ಞಾನ ಶಿಕ್ಷಕರು ಬೇಕೆಂದು ಜಾಹೀರಾತು ಕೊಟ್ಟಿದೆ. ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಆದರೆ ಅಂದು ಇವರ ಪಕ್ಕ ಕುಳಿತು ಪಾಠ ಟಿಪ್ಪಣಿ ಬರೆಯುವುದನ್ನು ಕಲಿತ ಹುಡುಗಿಯೇ ಇಂದು ಅಲ್ಲಿ ಮುಖ್ಯೋಪಾಧ್ಯಾಯಿನಿ. ‘ಅರ್ಜಿ ಹಾಕಿದರೆ ಇದ್ದ ಮಾನವೂ ಹೋಗುತ್ತದೆಯೇ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸಂಬಳ ಅರ್ಧ ಮಾಡಿದವರ ಬಾಗಿಲಿಗೆ ಮತ್ತೆ ಹೋಗುವುದಾದರೆ ಅಂದು ರಾಜೀನಾಮೆ ಕೊಟ್ಟಿದ್ದಾದರೂ ಏಕೆ? ಹೋದವರು ಹೇಗಿದ್ದರೂ ವಾಪಸ್ಸು ಬರುತ್ತಾರೆ ಎಂದು ಗೊತ್ತಿರುವುದರಿಂದಲೇ ಆಡಳಿತ ಮಂಡಳಿಗಳು ಹೀಗೆ ಆಡುವುದು.
– ಶಿಕ್ಷಕ, ರಾಣೆಬೆನ್ನೂರು

*

ಈ ಸಿಟ್ಟಿಗೆ ಕಾರಣವಿದೆ. ಆದರೆ ಅದು ಹೋಗಬೇಕಾದ ವಿಳಾಸ ಶಿಕ್ಷಕಿಯದಲ್ಲ. ಮುಂದಿನದು ಉದ್ದದ ಪತ್ರ, ಕತ್ತರಿ ಆಡಿಸಲು ಮನಸ್ಸಾಗಲಿಲ್ಲ.

*

ಅಕ್ಕಾ, ನಿಮ್ಮ ಪತ್ರ ಓದಿ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಟ್ಟ ಶಾಲೆಗೆ ಮರಳಿ ಹೋದವಳು ನಾನು.

ಮಾವನವರಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಸಂಬಳವಿಲ್ಲದ ರಜೆ ಕೇಳಿದೆ. ‘ಹತ್ತನೇ ತರಗತಿಯ ಪಾಠ ಮುಗಿಸಿ ಹೋಗಿ, ಇಲ್ಲವೇ ಬಿಟ್ಟೇ ಹೋಗಿ’ ಎಂದರು ಕಾರ್ಯದರ್ಶಿ. ಬಿಟ್ಟೇ ಹೋದೆ. ಕಚೇರಿಯ ಬೀರುವಿನಲ್ಲಿದ್ದ ನನ್ನ ಮೂಲ ಅಂಕಪಟ್ಟಿಗಳನ್ನು ಬಿಡಿಸಿಕೊಳ್ಳುವುದರಲ್ಲೇ ಒಂದು ಬೇಸಿಗೆ ಕಳೆಯಿತು. ಮಾವನವರು ತೀರಿಕೊಂಡ ಮೇಲೆ ಅದೇ ಶಾಲೆಯವರು ಹೇಳಿಕಳಿಸಿದರು. ಹೋದೆ.

ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳು ಸೇವಾ ಹಿರಿತನದ ಪ್ರಕಾರ ಇರುತ್ತವಲ್ಲ, ಮೊದಲು ನನ್ನದು ಮೂರನೆಯ ಸಾಲು. ಮರಳಿ ಬಂದ ದಿನ ನೋಡಿದರೆ ಅಚ್ಚಾದ ಗೆರೆಗಳೆಲ್ಲ ಮುಗಿದು, ಗುಮಾಸ್ತರು ಅಳತೆಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ಎಳೆದ ಹೊಸ ಗೆರೆಯ ಮೇಲೆ ನನ್ನ ಹೆಸರಿತ್ತು. ಅಲ್ಲಿ ಸಹಿ ಹಾಕುವಾಗ ಮೇಲಿನ ಹೆಸರುಗಳನ್ನು ಓದಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೂಲ ವೇತನವೂ ಹೊಸಬರದ್ದೇ.

ಅದನ್ನೂ ನುಂಗಿಕೊಳ್ಳಬಹುದಿತ್ತು. ಯಾರಾದರೂ ಒಬ್ಬರು ‘ಅಂದು ಹಾಗೆ ಹೇಳಬಾರದಿತ್ತು ಟೀಚರ್’ ಎನ್ನುತ್ತಾರೆಂದು ಕಾದೆ. ರಜೆ ಕೊಡದಿದ್ದ ಅದೇ ಕಾರ್ಯದರ್ಶಿ ಗೇಟಿನಲ್ಲಿ ಸಿಕ್ಕಿ, ನಿನ್ನೆ ಸಂಜೆಯಷ್ಟೇ ನೋಡಿದವರ ಹಾಗೆ, ‘ತಿಂಡಿ ಆಯಿತೇ?’ ಎಂದರು. ಅವರಿಗೆ ಆ ಜಗಳ ನೆನಪೇ ಇರಲಿಲ್ಲ. ಅಷ್ಟು ವರ್ಷ ನಾನು ಒಬ್ಬಳೇ ಅದನ್ನು ಹೊತ್ತುಕೊಂಡಿದ್ದೆ.

ಇನ್ನೊಂದು ಮಾತು. ಪ್ರೌಢಶಾಲೆಯಲ್ಲಿ ಮೂರು ವರ್ಷಕ್ಕೆ ಮಕ್ಕಳು ಪೂರ್ತಿ ಬದಲಾಗುತ್ತಾರೆ. ನನ್ನನ್ನು ಬಲ್ಲ ಒಂದು ಮಗುವೂ ಅಲ್ಲಿರಲಿಲ್ಲ. ಎಂಟನೇ ತರಗತಿಯ ಹುಡುಗನೊಬ್ಬ ‘ಮಿಸ್, ನೀವು ಹೊಸಬರಾ? ಲ್ಯಾಬ್ ಆ ಕಡೆ ಇದೆ’ ಎಂದು ದಾರಿ ತೋರಿಸಿದ. ಆ ಲ್ಯಾಬಿನ ಕಪಾಟಿನ ಬಾಟಲಿಗಳಿಗೆ ಚೀಟಿ ಅಂಟಿಸಿದ್ದು ನಾನು.

ನಾಲ್ಕು ವರ್ಷ ಚಿಲ್ಲರೆ ಇದ್ದು ಮತ್ತೆ ಬಿಟ್ಟೆ. ಮೊದಲ ಸಲವೂ ನಾಲ್ಕು ಚಿಲ್ಲರೆಯೇ. ಕೆಲಸ ಬಿಟ್ಟಾಗ ಕೊಡುವ ಇಡಿಗಂಟು, ಗ್ರಾಚ್ಯುಟಿಗೆ ಸತತ ಐದು ವರ್ಷ ಬೇಕಂತೆ. ಎರಡು ಸೇರಿಸಿ ಲೆಕ್ಕ ಹಾಕುವುದಿಲ್ಲ ಎಂದು ಗುಮಾಸ್ತರು ಹೇಳಿದರು. ನೀವು ಹೋಗಿ, ಬೇಡವೆನ್ನುವುದಿಲ್ಲ. ಅವರಿಂದ ಆ ಒಂದು ಮಾತನ್ನು ಮಾತ್ರ ನಿರೀಕ್ಷಿಸಬೇಡಿ.
– ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

*

ಕುರ್ಚಿಯ ಆಚೆ ಬದಿಯಲ್ಲಿ ಕುಳಿತಿದ್ದವರ ಮಾತನ್ನೂ ಕೇಳೋಣ.

*

ಮಾನದ ಪ್ರಶ್ನೆ ಆ ಕಿರಿಯ ಮುಖ್ಯೋಪಾಧ್ಯಾಯಿನಿಗೂ ಇದೆ. ನಿಮ್ಮ ಅರ್ಜಿ ಕಂಡೊಡನೆ ಆಕೆಗೆ ಮೊದಲು ಆಗುವುದು ಸಂತೋಷವಲ್ಲ, ಅಳುಕು. ‘ನಾನು ಸಂಕಲನಾತ್ಮಕ ಪರೀಕ್ಷೆಯ ಉತ್ತರಪತ್ರಿಕೆಗಳು ಇನ್ನೂ ಬಂದಿಲ್ಲವೆಂದರೆ ಇವರು ಕೇಳುತ್ತಾರೆಯೇ? ಸ್ಟಾಫ್ ರೂಮಿನಲ್ಲಿ ನನ್ನ ಹಳೆಯ ಎಡವಟ್ಟುಗಳ ಕಥೆ ಹೇಳುತ್ತಾರೆಯೇ?’ ನಾನು ಮುಖ್ಯೋಪಾಧ್ಯಾಯನಾದಾಗ ನನ್ನ ಗುರುಗಳೇ ಅಲ್ಲಿ ಸಹಶಿಕ್ಷಕರಾಗಿದ್ದರು. ಮೊದಲ ಸಭೆಯಲ್ಲಿ ನಾನು ಒಳಗೆ ಬಂದಾಗ ಎಲ್ಲರಿಗಿಂತ ಮುಂಚೆ ಎದ್ದು ನಿಂತವರು ಅವರು. ಆಮೇಲೆ ನನಗೆ ಯಾರೂ ತೊಂದರೆ ಕೊಡಲಿಲ್ಲ.

ಅರ್ಜಿಯಲ್ಲಿ ಹಳೆಯ ಸೇವೆಯನ್ನು ಸ್ಪಷ್ಟವಾಗಿ ಬರೆಯಿರಿ. ಡೆಮೊ ಪಾಠ ಕೊಡಿ ಎಂದರೆ ‘ನನಗೇ ಡೆಮೊವಾ?’ ಎನ್ನದೆ ಕೊಡಿ. ‘ಏನೇ, ಬಾರೇ’ ಎಂದು ಕರೆಯುತ್ತಿದ್ದವಳನ್ನು ಎಲ್ಲರೆದುರು ಮೇಡಂ ಎನ್ನಲು ನಾಲಿಗೆ ಹೊರಳುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಹೊರಳದಿದ್ದರೆ ಅರ್ಜಿ ಬೇಡ.
– ನಿವೃತ್ತ ಮುಖ್ಯೋಪಾಧ್ಯಾಯ, ತಿಪಟೂರು

*

ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಿರಿ. ಪ್ರಮಾಣಪತ್ರಕ್ಕೆ 2021ರಿಂದ ಜೀವನಪರ್ಯಂತ ಮಾನ್ಯತೆ ಇದೆ. ಸರ್ಕಾರಿ ಶಾಲೆ ಸೇರಿದರೆ ಈ ಕಾರ್ಯದರ್ಶಿಗಳ ಕಾಟವೇ ಇರುವುದಿಲ್ಲ.
– ಹಿತೈಷಿ, ಕೊಪ್ಪಳ

*

ಸಲಹೆ ಒಳ್ಳೆಯದೇ. ಶಿಕ್ಷಕಿಗೆ 49 ವರ್ಷವೆಂದು ಅವರ ಪತ್ರದಲ್ಲೇ ಇತ್ತು.

*

ಎಲ್ಲರೂ ಮಾನ ಅವಮಾನ ಎನ್ನುತ್ತಿದ್ದಾರೆ. ನನ್ನದು ಲೆಕ್ಕದ ಕೆಲಸ, ಎರಡೇ ಪ್ರಶ್ನೆ ಕೇಳುತ್ತೇನೆ.

ಒಂದು, ಬಿಟ್ಟಾಗ ಗ್ರಾಚ್ಯುಟಿ ಕೊಟ್ಟರೇ? ಐದು ವರ್ಷ ಸತತವಾಗಿ ದುಡಿದವರು ತಾವೇ ರಾಜೀನಾಮೆ ಕೊಟ್ಟರೂ ಅದು ಸಿಗಬೇಕು. ‘ಶಿಕ್ಷಕರಿಗೆ ಅನ್ವಯಿಸುವುದಿಲ್ಲ’ ಎಂದು ಇಂದಿಗೂ ಸಾಗಹಾಕುವ ಶಾಲೆಗಳಿವೆ. 1972ರ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ, 1997ರ ಏಪ್ರಿಲ್ 3ರಿಂದಲೇ ಶಿಕ್ಷಕರು ಅದರೊಳಗೆ ಬಂದಿದ್ದಾರೆ. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರ ಆಗಸ್ಟಿನಲ್ಲಿ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ವರ್ಷಕ್ಕೆ ಹದಿನೈದು ದಿನದ ವೇತನ, ಅದೂ ಕೊನೆಯಲ್ಲಿ ಪಡೆದ ವೇತನದ ಮೇಲೆ. ನಿಮ್ಮ ಕೊನೆಯ ಸಂಬಳವನ್ನೇ ಅರ್ಧ ಮಾಡಿದ್ದರಲ್ಲ, ಯಾವ ಅಂಕಿ ಹಿಡಿದಿದ್ದಾರೆಂದು ನೋಡಿ.

ಎರಡು, ಭವಿಷ್ಯ ನಿಧಿ ಕಡಿತವಾಗುತ್ತಿದ್ದರೆ ಅದರ ಪಿಂಚಣಿ ಭಾಗವನ್ನು ಹಿಂದಕ್ಕೆ ತೆಗೆದುಕೊಂಡಿದ್ದೀರಾ? ಇಲ್ಲವಾದರೆ ಹಳೆಯ ಎಂಟು ವರ್ಷ ಹಾಗೆಯೇ ಇದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಯುಎಎನ್ (ಭವಿಷ್ಯ ನಿಧಿ ಸದಸ್ಯರ ಕಾಯಂ ಸಂಖ್ಯೆ) ಒಂದೇ ಇರಲಿ, ಹೊಸದು ಮಾಡಿಸಬೇಡಿ. ಇನ್ನೆರಡು ವರ್ಷ ಭವಿಷ್ಯ ನಿಧಿ ಕಡಿತವಾಗುವ ಯಾವ ಶಾಲೆಯಲ್ಲಿ ದುಡಿದರೂ ಆಯಿತು, ಆ ಶಾಲೆಯೇ ಆಗಬೇಕೆಂದಿಲ್ಲ.

ಸೇರುವುದಾದರೆ ಮೂಲ ವೇತನ ಎಷ್ಟು, ಹಳೆಯ ಸೇವೆಗೆ ಏನು ಬೆಲೆ ಎಂಬುದು ನೇಮಕಾತಿ ಆದೇಶದಲ್ಲೇ ಇರಲಿ. ಬಾಯಿಮಾತು ಬೇಡ.
– ಲೆಕ್ಕಿಗ, ಬೆಂಗಳೂರು

*

ಈ ಪತ್ರವನ್ನು ಎರಡು ಸಲ ಓದಿಕೊಳ್ಳಲು ಶಿಕ್ಷಕಿಯವರಲ್ಲಿ ವಿನಂತಿ. ಉಳಿದದ್ದು ಒಂದು ಅಂಚೆ ಕಾರ್ಡು.

*

ಮಾನ್ಯರೇ, ನಾನು ಬಿಎಸ್ಸಿ, ಬಿಎಡ್. ಭೌತಶಾಸ್ತ್ರ ಮತ್ತು ಗಣಿತ. ಆ ಮೇಡಂ ಅರ್ಜಿ ಹಾಕುವುದಿಲ್ಲವಾದರೆ ಶಾಲೆ ಯಾವುದೆಂದು ದಯವಿಟ್ಟು ತಿಳಿಸುವುದು.
– ಉದ್ಯೋಗಾಕಾಂಕ್ಷಿ, ಅರಸೀಕೆರೆ

*

ಶಾಲೆಯ ಹೆಸರನ್ನು ಕೊಡಲಾಗದು, ಕ್ಷಮಿಸಿ. ಅರ್ಜಿಗೆ ಈ ತಿಂಗಳ 25 ಕೊನೆಯ ದಿನವೆಂದು ಶಿಕ್ಷಕಿಯವರೇ ಬರೆದಿದ್ದರು. ಅದನ್ನು ಅವರಿಗಷ್ಟೇ ನೆನಪಿಸುತ್ತಿದ್ದೇವೆ.
– ಸಂ.