ಸುಟ್ಟಗಾಯದ ಡ್ರೆಸ್ಸಿಂಗ್‌ಗೆ ವಿಆರ್: ಮಲಗಿಸಿದರೆ ಬರೀ ಆಕಾಶ ಕಾಣುತ್ತೆ, ವಾಕರಿಕೆ ಬರುತ್ತೆ

ಪ್ರಶ್ನೆ: ಡ್ರೆಸ್ಸಿಂಗ್ ಮಾಡುವಾಗ ನೋವು ಮರೆಸಲು ರೋಗಿಗೆ ವಿಆರ್ (ಕಣ್ಣಿಗೆ ಹಾಕಿದರೆ ಸುತ್ತಲೂ ಕೃತಕ ದೃಶ್ಯ ತೋರಿಸುವ ಸಾಧನ) ಆಟ ಕೊಡ್ತೀವಿ. ಕ್ವೆಸ್ಟ್ 3 ಹೆಡ್‌ಸೆಟ್, ಕಾಲಿನ ಸುಟ್ಟಗಾಯ. ರೋಗಿ ಕೂತಿದ್ದಾಗ ಎಲ್ಲ ಸರಿ. ಅಂಗಾತ ಮಲಗಿಸಿದ ಕೂಡಲೇ ಬರೀ ಆಕಾಶ. ಮಧ್ಯೆ ಟ್ರ್ಯಾಕಿಂಗ್ (ತಲೆ ಎತ್ತ ತಿರುಗಿದೆ ಅಂತ ಹೆಡ್‌ಸೆಟ್ ಗುರುತಿಸೋದು) ಹೋಗುತ್ತೆ, ಐದು ನಿಮಿಷಕ್ಕೆ ವಾಕರಿಕೆ. ಏನು ಮಾಡಬೇಕು?

ಉತ್ತರ: ಇವು ಮೂರೂ ಬೇರೆ ಬೇರೆ ತೊಂದರೆ ಸರ್.

ಬಟನ್ ಒತ್ತಿ ಹಿಡಿದು ರೀಸೆಂಟರ್ ಮಾಡಿದರೆ (ದೃಶ್ಯವನ್ನು ಮತ್ತೆ ಮುಂದಕ್ಕೆ ತಂದರೆ) ಎಡ-ಬಲ ಮಾತ್ರ ಸರಿಹೋಗುತ್ತೆ. ಮೇಲೆ-ಕೆಳಗೆ ಯಾವುದು ಅನ್ನೋದನ್ನು ಹೆಡ್‌ಸೆಟ್ ಭೂಮಿಯ ಸೆಳೆತದಿಂದ ತಿಳಿಯುತ್ತೆ, ಅದಕ್ಕೇ ಮಲಗಿದವರಿಗೆ ಆಕಾಶ. ಸೆಟ್ಟಿಂಗ್ಸ್‌ನಲ್ಲಿ ಮಲಗಿ ಬಳಸುವ ಆಯ್ಕೆಯನ್ನು ಆನ್ ಮಾಡಿ. ಡ್ರೆಸ್ಸಿಂಗ್‌ಗೆ ಅಡ್ಡಿಯಿಲ್ಲದಿದ್ದರೆ ಮಂಚದ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿ, ಅರ್ಧ ಕಷ್ಟ ಅಲ್ಲೇ ಮುಗಿಯುತ್ತೆ. ಹೆಡ್‌ಸೆಟ್‌ಗೆ ಹಿಂದೆ ಬ್ಯಾಟರಿ ಇರುವ ಗಟ್ಟಿ ಪಟ್ಟಿ ಬೇಡ, ತಲೆಗೆ ಒತ್ತುತ್ತೆ. ಬಟ್ಟೆಯ ಪಟ್ಟಿ ಹಾಕಿ, ಕುತ್ತಿಗೆ ಕೆಳಗೆ ಸುತ್ತಿದ ಟವೆಲ್ ಇಡಿ.

ಟ್ರ್ಯಾಕಿಂಗ್ ಹೋಗೋದು ಸೂರಿನಿಂದ. ಮುಂದಿನ ಕ್ಯಾಮೆರಾಗಳಿಗೆ ಗುರುತು ಹಿಡಿಯಲು ಮೂಲೆ, ಗೆರೆ ಬೇಕು. ಬಿಳಿ ಸುಣ್ಣದ ಸೂರಿನಲ್ಲಿ ಏನಿದೆ? ಕಪ್ಪು-ಬಿಳುಪು ಚಿತ್ತಾರದ ನಾಲ್ಕೈದು ಹಾಳೆಗಳನ್ನು ಒಂದೇ ಥರ ಇರದಂತೆ ಅಂಟಿಸಿ. ದೀಪದ ಬೆಳಕು ಗಾಯದ ಮೇಲಿರಲಿ, ಕ್ಯಾಮೆರಾಗೆ ಹೊಡೆಯದಿರಲಿ. ಹೆಡ್‌ಸೆಟ್ ಹಾಕಿದ ಮೇಲೆ ಮಂಚ ತಳ್ಳಲೇಬೇಡಿ.

ವಾಕರಿಕೆಗೆ ಕಾರಣ ಹೆಚ್ಚಾಗಿ ಆಟವೇ. ಹಾರುವ, ಗಿರಕಿ ಹೊಡೆಯುವ ದೃಶ್ಯ ಬೇಡ. ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರಾದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್‌ಸನ್ ಸುಟ್ಟಗಾಯದವರಿಗೆಂದೇ ರೂಪಿಸಿದ ಸ್ನೋವರ್ಲ್ಡ್ ಎಂಬ ವಿಆರ್ ಆಟ ನೋಡಿ: ಹಿಮದ ಕಣಿವೆಯಲ್ಲಿ ನಿಧಾನಕ್ಕೆ ಸಾಗುತ್ತಾ ಹಿಮದುಂಡೆ ಎಸೆಯೋದು, ಅಷ್ಟೇ. ನೋವಿಗೆ ಗಮನ ಬೇಕು, ಆ ಗಮನವನ್ನು ಎಸೆಯುವ ಕೆಲಸ ಕಸಿದುಕೊಳ್ಳುತ್ತೆ. ಸುಮ್ಮನೆ ನೋಡುವ ವಿಡಿಯೋಗೆ ಆ ಬಲ ಕಡಿಮೆ. ಚಿತ್ರ ಮಸುಕಾಗಿದ್ದರೂ ತಲೆ ಸುತ್ತುತ್ತೆ, ಹೆಡ್‌ಸೆಟ್ ಕೆಳಗಿನ ಚಕ್ರ ತಿರುಗಿಸಿ ಲೆನ್ಸ್‌ಗಳ ಅಂತರವನ್ನು ರೋಗಿಯ ಕಣ್ಣುಗಳಿಗೆ ಹೊಂದಿಸಿ.

ಮರುಪ್ರಶ್ನೆ: ವಾಕರಿಕೆ ನಿಂತಿತು, ಥ್ಯಾಂಕ್ಸ್. ಆದರೆ ಫೋರ್ಸೆಪ್ಸ್ (ಡ್ರೆಸ್ಸಿಂಗ್ ಚಿಮಟ) ತಗುಲಿದಾಗ 12 ವರ್ಷದ ಹುಡುಗಿ ಬೆಚ್ಚಿಬೀಳ್ತಾಳೆ.

ಉತ್ತರ: ಅವಳಿಗೆ ನಿಮ್ಮ ಕೈ ಕಾಣಲ್ಲವಲ್ಲ. ಹೆಡ್‌ಫೋನ್ ತೆಗೆದು ಸ್ಪೀಕರನ್ನು ಅರ್ಧ ಸದ್ದಿಗೆ ಇಡಿ. ಪ್ರತಿ ಸಲ ಮುಟ್ಟುವ ಮುಂಚೆ, "ಪುಟ್ಟಾ, ಈಗ ನೀರು ಹಾಕ್ತೀನಿ" ಅಂತ ಹೇಳಿ. ಗಾಯದ ಹಳೇ ಪಟ್ಟಿ ಬಿಚ್ಚುವ ಐದು ನಿಮಿಷ ಮೊದಲೇ ಆಟ ಶುರುವಾಗಲಿ. ಕೆಲವು ಮಕ್ಕಳಿಗೆ ಕಣ್ಣಾರೆ ನೋಡಿದರೇ ಧೈರ್ಯ, ಅಂಥವರಿಗೆ ಒತ್ತಾಯ ಬೇಡ. ನೋವಿನ ಔಷಧಿಯನ್ನು ವಿಆರ್ ನೆಚ್ಚಿಕೊಂಡು ಕಡಿಮೆ ಮಾಡಬೇಡಿ. ಮೂರ್ಛೆರೋಗ, ಮುಖದ ಗಾಯ, ಕಣ್ಣಿನ ಸೋಂಕು ಇದ್ದವರಿಗೆ ಹೆಡ್‌ಸೆಟ್ ಹಾಕಲೇಬೇಡಿ.

ಹೆಡ್‌ಸೆಟ್‌ನಲ್ಲಿ ಮುಖಕ್ಕೆ ತಾಗುವ ಸ್ಪಂಜು ಬೆವರು ಹೀರುತ್ತೆ, ಅದರ ಬದಲು ಸಿಲಿಕೋನ್ ಕವರ್ ಹಾಕಿ ಪ್ರತಿ ರೋಗಿಯ ನಂತರ ಒರೆಸಿ. ಲೆನ್ಸಿಗೆ ಸ್ಪಿರಿಟ್ ಸೋಕಿಸಬೇಡಿ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಕಿಟಕಿ ಬಿಸಿಲಿಗೆ ಲೆನ್ಸ್ ಮುಖ ಮಾಡಿ ಇಟ್ಟರೆ ಒಳಗಿನ ಪರದೆ ಸುಟ್ಟುಹೋಗುತ್ತೆ.